ಮಲ್ಲಸಮುದ್ರದಲ್ಲಿ ನಾಟದ ಬೀಜ, ಬೆಟಗೇರಿಯಲ್ಲಿ ಹಿಡಿದ ಬೇರು

ಸಮಾಜ ವಿಜ್ಞಾನದ ಶಿಕ್ಷಕರು ರಜೆಯ ಮೇಲಿದ್ದ ಒಂದು ದಿನ ಒಂಬತ್ತನೆಯ ತರಗತಿಗೆ ನಾನು ಹೋಗಬೇಕಾಯಿತು. ನಾನು ವಿಜ್ಞಾನ ಕಲಿಸುವವನು. ಸುಮ್ಮನೆ ಕೂಡುವುದು ಬೇಡವೆಂದು ಗೋಡೆಗೆ ಅಮೆರಿಕದ ನಕಾಶೆ ತೂಗುಹಾಕಿ, ಊರುಗಳನ್ನು ಹುಡುಕುವ ಆಟ ಆಡಿಸಿದೆ. ಒಬ್ಬ ಹುಡುಗ ಎದ್ದು ನಿಂತ.

"ಸರ್, ಅಮೆರಿಕಾದಾಗ ಇಂಗ್ಲಿಷ್ ಮಾತಾಡ್ತಾರ ಅಂತೀರಿ. ಹಂಗಾದ್ರ ಸ್ಯಾನ್ ಡಿಯಾಗೊ, ಸ್ಯಾನ್ ಫ್ರಾನ್ಸಿಸ್ಕೊ, ಸಾಂತಾ ಕ್ಲಾರಾ ಅಂತ ಹೆಸರು ಯಾಕ ಅದಾವ್ರಿ? ಇವು ಇಂಗ್ಲಿಷ್ ಹೆಸರೇನ್ರಿ?"

ಅಷ್ಟರಲ್ಲಿ ಇನ್ನೊಬ್ಬ, "ನಮ್ಮ ಕಾಕಾನ ಮಗ ಸ್ಯಾನ್ ಹೋಸೆದಾಗ ಕಂಪ್ಯೂಟರ್ ಇಂಜಿನಿಯರ್ ಅದಾನ್ರಿ" ಎಂದ. ಗಂಟೆ ಬಾರಿಸಿತು. ನಾಳೆ ಹೇಳುತ್ತೇನೆಂದು ಹೇಳಿ ಪಾರಾದೆ. ಆದರೆ ಮಕ್ಕಳ ಪ್ರಶ್ನೆಗೆ ಕೊಟ್ಟ ಮಾತು ಸಾಲವಿದ್ದ ಹಾಗೆ, ತೀರಿಸಲೇಬೇಕು. ಉತ್ತರ ಹುಡುಕುತ್ತ ಹೋದವನು ಕ್ಯಾಲಿಫೋರ್ನಿಯಾದಿಂದ ಸುತ್ತಿ ಬಳಸಿ ಕೊನೆಗೆ ಬಂದು ನಿಂತದ್ದು ನಮ್ಮ ಬೆಟಗೇರಿಯಲ್ಲಿ! ಆ ಪ್ರಯಾಣದ ಕಥೆಯನ್ನೇ ಇಲ್ಲಿ ಹೇಳುತ್ತಿದ್ದೇನೆ.

ಸಂತರ ಹೆಸರಿನ ಊರುಗಳು

ಸ್ಪ್ಯಾನಿಷ್ ಭಾಷೆಯಲ್ಲಿ 'ಸ್ಯಾನ್' ಎಂದರೆ ಸಂತ, 'ಸಾಂತಾ' ಎಂದರೆ ಸಂತಳು. ಇಂದು ಅಮೆರಿಕದ ನೈಋತ್ಯ ಭಾಗವಾಗಿರುವ ನಾಡು ಒಂದು ಕಾಲಕ್ಕೆ ಸ್ಪೇನ್ ದೊರೆಯ ಅಧೀನದಲ್ಲಿತ್ತು. ದೂರದ ಈ ನಾಡನ್ನು ಹಿಡಿದಿಟ್ಟುಕೊಳ್ಳಲು ಸ್ಪೇನ್ ಮೂರು ಸಾಧನಗಳನ್ನು ಬಳಸಿತು. ಒಂದು ಸೈನಿಕರ ಠಾಣೆ, ಎರಡನೆಯದು ವಲಸಿಗರ ಊರು, ಮೂರನೆಯದು ಪಾದ್ರಿಗಳ 'ಮಿಶನ್'.

ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಇಂಥ ಮೊದಲ ಮಿಶನ್ 1769ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಆರಂಭವಾಯಿತು. ಹುನಿಪೆರೊ ಸೆರ್ರಾ ಎಂಬ ಫ್ರಾನ್ಸಿಸ್ಕನ್ ಪಂಥದ ಪಾದ್ರಿ ಅದರ ಮುಂದಾಳು. 1823ರ ವೇಳೆಗೆ ಸುಮಾರು 950 ಕಿಲೋಮೀಟರ್ ಉದ್ದದ ದಾರಿಯಲ್ಲಿ ಒಟ್ಟು 21 ಮಿಶನ್‌ಗಳು ಎದ್ದವು. ಇದಕ್ಕೂ ಮೊದಲೇ, 1718ರಿಂದ, ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ನದಿಯ ದಂಡೆಯ ಮೇಲೆ ಐದು ಮಿಶನ್‌ಗಳು ಬೆಳೆದಿದ್ದವು. 2015ರಲ್ಲಿ ಅವು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಮಣ್ಣಿನ ಗೋಡೆ, ಕಾಲುವೆಯ ನೀರು

ಚಿತ್ರಗಳಲ್ಲಿ ಈ ಮಿಶನ್‌ಗಳನ್ನು ನೋಡಿದಾಗ ನನಗೆ ನೆನಪಾದದ್ದು ನಮ್ಮ ಹಳ್ಳಿಯ ಹಳೆಯ ವಾಡೆಗಳು. ನಡುವೆ ದೊಡ್ಡ ಅಂಗಳ, ನಾಲ್ಕೂ ಕಡೆ ಕಟ್ಟಡದ ಸಾಲು. ಒಂದು ಮಗ್ಗುಲಿಗೆ ಗುಡಿಯಂತೆ ಎತ್ತರವಾದ ಇಗರ್ಜಿ, ಉಳಿದ ಮಗ್ಗುಲುಗಳಲ್ಲಿ ಪಾದ್ರಿಗಳ ಕೋಣೆ, ಅಡುಗೆಮನೆ, ಕಾಳಿನ ಉಗ್ರಾಣ, ನೇಯ್ಗೆಯ ಮತ್ತು ಬಡಗಿಯ ಕೆಲಸದ ಶಾಲೆಗಳು. ಅಂಗಳದ ಸುತ್ತ ಕಮಾನುಗಳ ಪಡಸಾಲೆ. ಕೆಲವೆಡೆ ಗಂಟೆಗೆಂದು ಗೋಪುರ ಕಟ್ಟುವ ಬದಲು ಗೋಡೆಯನ್ನೇ ಎತ್ತರಿಸಿ, ಅದರಲ್ಲಿ ಕಿಂಡಿ ಬಿಟ್ಟು ಗಂಟೆ ತೂಗುಹಾಕಿದ್ದಾರೆ.

ಗೋಡೆಗಳೆಲ್ಲ ಹೆಚ್ಚಾಗಿ ಹಸಿ ಇಟ್ಟಿಗೆಯವು. ಮಣ್ಣಿಗೆ ಹುಲ್ಲು ಬೆರೆಸಿ, ತುಳಿದು, ಅಚ್ಚಿಗೆ ಹಾಕಿ ಬಿಸಿಲಲ್ಲಿ ಒಣಗಿಸಿದ ಇಟ್ಟಿಗೆ. ನಮ್ಮ ಮಣ್ಣಿನ ಮೇಲ್ಮುದ್ದಿ ಮನೆಗಳ ದಪ್ಪ ಗೋಡೆ ನೋಡಿದವರಿಗೆ ಇದರ ಗುಟ್ಟು ಹೇಳಿಕೊಡಬೇಕಿಲ್ಲ. ದಪ್ಪ ಮಣ್ಣಿನ ಗೋಡೆಯ ಹೊರಮೈಗೆ ಬಿದ್ದ ಬಿಸಿಲಿನ ಶಾಖ ಒಳಮೈ ಮುಟ್ಟಲು ಹಲವು ತಾಸು ಬೇಕು. ಹೀಗಾಗಿ ಮಧ್ಯಾಹ್ನ ಒಳಗೆ ತಂಪು, ಇರುಳಿನಲ್ಲಿ ಬೆಚ್ಚಗೆ. ಗದಗ ಸೀಮೆಯ ಒಕ್ಕಲಿಗನಿಗೂ ಕ್ಯಾಲಿಫೋರ್ನಿಯಾದ ಕೆಲಸಗಾರನಿಗೂ ಒಬ್ಬರಿಗೊಬ್ಬರ ಪರಿಚಯವಿರಲಿಲ್ಲ. ಇಬ್ಬರಿಗೂ ಒಂದೇ ಪಾಠ ಹೇಳಿದ ಗುರು ಬಿಸಿಲು.

ನೀರಿನ ವ್ಯವಸ್ಥೆಯಂತೂ ಇನ್ನೂ ಸೊಗಸು. ಸ್ಯಾನ್ ಆಂಟೋನಿಯೊದಲ್ಲಿ ನದಿಗೆ ಅಡ್ಡಕಟ್ಟು ಹಾಕಿ, ನೆಲದ ಇಳಿಜಾರನ್ನೇ ನಂಬಿ ಹೊಲಗಳಿಗೆ ಕಾಲುವೆ ತಂದರು. ಎಸ್ಪಾಡಾ ಮಿಶನ್‌ನ ಕಾಲುವೆ ಹಳ್ಳವೊಂದನ್ನು ದಾಟಲು ಕಲ್ಲಿನ ಕಮಾನಿನ ಮೇಲುಗಾಲುವೆಯನ್ನು 18ನೆಯ ಶತಮಾನದ ನಡುವೆ ಕಟ್ಟಿದರು. ಅದರಲ್ಲಿ ಇಂದಿಗೂ ನೀರು ಹರಿಯುತ್ತದೆ.

ಗೋಡೆಯ ಒಳಗಿನ ಬದುಕು

ಇಷ್ಟೇ ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತೆ. ಆ ಇಟ್ಟಿಗೆ ತುಳಿದವರು, ಆ ಕಾಲುವೆ ತೋಡಿದವರು ಸ್ಪೇನಿನವರಲ್ಲ. ಸಾವಿರಾರು ವರ್ಷಗಳಿಂದ ಆ ನೆಲದಲ್ಲೇ ಬಾಳಿದ ಮೂಲನಿವಾಸಿಗಳು. ಅವರಿಗೆ ದೀಕ್ಷೆ ಕೊಟ್ಟು, ಮಿಶನ್‌ನಲ್ಲಿ ನೆಲೆಗೊಳಿಸಿ, ಒಕ್ಕಲುತನ ಮತ್ತು ಕೈಕಸುಬು ಕಲಿಸುವುದು ಪಾದ್ರಿಗಳ ಉದ್ದೇಶವಾಗಿತ್ತು. ಆದರೆ ಒಮ್ಮೆ ದೀಕ್ಷೆ ಪಡೆದವನಿಗೆ ತನ್ನ ಮನಬಂದಂತೆ ಬಿಟ್ಟುಹೋಗುವ ಸ್ವಾತಂತ್ರ್ಯವಿರಲಿಲ್ಲ. ಓಡಿಹೋದರೆ ಸೈನಿಕರು ಹಿಡಿದು ತರುತ್ತಿದ್ದರು, ಚಾವಟಿಯ ಶಿಕ್ಷೆಯೂ ಇತ್ತು. 1775ರಲ್ಲಿ ಸ್ಯಾನ್ ಡಿಯಾಗೊ ಮಿಶನ್ ಮೇಲೆ ಕುಮಿಯಾಯ್ ಜನ ದಾಳಿಯಿಟ್ಟು ಬೆಂಕಿ ಹಚ್ಚಿದ್ದು ಸುಮ್ಮನೆ ಅಲ್ಲ.

ಚಾವಟಿಗಿಂತ ಘೋರವಾದದ್ದು ರೋಗ. ದಡಾರ, ಸಿಡುಬುಗಳಂಥ ರೋಗಗಳು ಯುರೋಪಿನವರೊಂದಿಗೆ ಬಂದವು. ಅವನ್ನು ಎದುರಿಸುವ ಶಕ್ತಿ ಸ್ಥಳೀಯರ ದೇಹದಲ್ಲಿ ಬೆಳೆದಿರಲಿಲ್ಲ. ಮೇಲಾಗಿ ಎಲ್ಲರನ್ನೂ ಒಂದೇ ಕಡೆ ಒತ್ತೊತ್ತಾಗಿ ಇರಿಸಿದ್ದರಿಂದ ಸೋಂಕು ಬೇಗ ಹಬ್ಬಿತು. ಜನ ಗುಂಪು ಗುಂಪಾಗಿ ಸತ್ತರು. ಸೋಂಕು ಮತ್ತು ರೋಗನಿರೋಧಕ ಶಕ್ತಿಯ ಪಾಠವನ್ನು ನಾನು ವರ್ಷ ವರ್ಷ ಮಾಡುತ್ತೇನೆ. ಅದಕ್ಕೆ ಇದಕ್ಕಿಂತ ದುಃಖದ ಉದಾಹರಣೆ ನನಗೆ ಸಿಕ್ಕಿಲ್ಲ.

ಸ್ಪೇನಿನಿಂದ ಸ್ವತಂತ್ರವಾದ ಮೆಕ್ಸಿಕೊ 1833ರಲ್ಲಿ ಈ ಮಿಶನ್‌ಗಳನ್ನು ಪಾದ್ರಿಗಳ ಕೈಯಿಂದ ತೆಗೆಯುವ ಕಾನೂನು ಮಾಡಿತು. ಜಮೀನು ಮೂಲನಿವಾಸಿಗಳಿಗೆ ಸಿಗಬೇಕಿತ್ತು. ಬಹುಪಾಲು ಬಲಾಢ್ಯರ ಪಾಲಾಯಿತು. 2015ರಲ್ಲಿ ಸೆರ್ರಾರನ್ನು ಪೋಪ್ ಸಂತರೆಂದು ಘೋಷಿಸಿದರು. 2020ರಲ್ಲಿ ಕ್ಯಾಲಿಫೋರ್ನಿಯಾದ ಕೆಲವು ಊರುಗಳಲ್ಲಿ ಅದೇ ಸೆರ್ರಾರ ಪ್ರತಿಮೆಯನ್ನು ಜನ ಉರುಳಿಸಿದರು. ಎರಡೂ ನಡೆದದ್ದು ನಿಜ. ಇತಿಹಾಸ ಇನ್ನೂ ಆರದ ಗಾಯ.

ಬಾಸೆಲ್‌ನಿಂದ ಬೆಟಗೇರಿಗೆ

ಓದುತ್ತ ಇಲ್ಲಿಗೆ ಬಂದಾಗ ನನಗೊಂದು ವಿಚಾರ ಹೊಳೆಯಿತು. 'ಮಿಶನ್' ಎಂಬ ಶಬ್ದ ಬೆಟಗೇರಿಯವರಿಗೆ ಹೊಸದೇ? ಗದಗಿನಲ್ಲಿ ಯಾರನ್ನಾದರೂ ಜರ್ಮನ್ ದವಾಖಾನೆ ಎಲ್ಲಿ ಎಂದು ಕೇಳಿ, ಕೂಡಲೇ ಕೈಮಾಡಿ ತೋರಿಸುತ್ತಾರೆ. ಜರ್ಮನಿಗೂ ಬೆಟಗೇರಿಗೂ ಏನು ನಂಟು ಎಂದು ಮಾತ್ರ ನಾವು ಕೇಳಿಕೊಳ್ಳುವುದಿಲ್ಲ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಬಾಸೆಲ್ ಮಿಶನ್ ಎಂಬ ಪ್ರಾಟೆಸ್ಟಂಟ್ ಸಂಸ್ಥೆ ಹುಟ್ಟಿತು. ಅಲ್ಲಿ ತರಬೇತಿ ಪಡೆದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ರೈತರ, ಕುಶಲಕರ್ಮಿಗಳ ಮಕ್ಕಳು. ಈಸ್ಟ್ ಇಂಡಿಯಾ ಕಂಪನಿ ತನ್ನ ಸೀಮೆಯೊಳಗೆ ಬ್ರಿಟಿಷರಲ್ಲದ ಮಿಶನರಿಗಳನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. 1833ರ ಸನ್ನದು ಆ ಬಾಗಿಲು ತೆರೆಯಿತು. ಮರುವರ್ಷ, 1834ರ ಅಕ್ಟೋಬರಿನಲ್ಲಿ, ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿಯಲ್ಲಿ ಅವರ ಠಾಣೆಗಳಾದವು.

ಅಂದಿನ ರಾಜಕೀಯ ನಕಾಶೆ ಇಂದಿನಂತಿರಲಿಲ್ಲ. ಗದಗ, ಬೆಟಗೇರಿ ಕಂಪನಿಯ ಧಾರವಾಡ ಜಿಲ್ಲೆಗೆ ಸೇರಿದ್ದವು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಮಿಶನರಿಗಳು ಠಾಣೆ ಹೂಡಿದ್ದು ಕಂಪನಿಯ ನೆಲದಲ್ಲಿ. ಅವರಿಗೆ ಸ್ಪೇನಿನ ಪಾದ್ರಿಗಳಂತೆ ಸೈನಿಕರ ಠಾಣೆ ಬೆನ್ನಿಗಿರಲಿಲ್ಲ. ಆದರೆ ಕಂಪನಿಯ ನೆರಳು, ಕಲೆಕ್ಟರರ ಸಹಾನುಭೂತಿ ಇದ್ದವು ಎಂಬುದನ್ನು ಮರೆಯಬಾರದು. 1840ರಲ್ಲಿ ಮಂಗಳೂರಿನ ಬಲ್ಮಠದ ಜಾಗವನ್ನು ಅವರಿಗೆ ಕೊಟ್ಟವರು ಅಲ್ಲಿಯ ಕಲೆಕ್ಟರ್ ಬ್ಲೇರ್.

ಮಲ್ಲಸಮುದ್ರದ ಕನಸು

ಈಗ ನಮ್ಮ ಕಥೆಯ ಮುಖ್ಯ ಭಾಗ. ಗದಗಿಗೆ ಹತ್ತಿರದ ಮಲ್ಲಸಮುದ್ರವನ್ನು ಮಿಶನ್‌ನ ಕಾಗದಪತ್ರಗಳಲ್ಲಿ 'ಮಲಸಮುದ್ರ' ಎಂದು ಬರೆದಿದ್ದಾರೆ. ಹುಬ್ಬಳ್ಳಿ ಸೀಮೆಯಲ್ಲಿ ಕಾಲಜ್ಞಾನದ ವಚನಗಳನ್ನು ನಂಬಿದ ಒಂದು ಪಂಗಡವಿತ್ತು. ಮುಂದೆ ಇಂಥ ಕಾಲ ಬರುತ್ತದೆ, ಇಂಥವರು ಬರುತ್ತಾರೆ ಎಂದು ನುಡಿಯುವ ಈ ವಚನಗಳು ನಮ್ಮ ಭಾಗದ ಮಠಗಳಲ್ಲಿ, ಜನರ ಬಾಯಲ್ಲಿ ಇಂದಿಗೂ ಇವೆ. ಆ ಪಂಗಡದ ಮುಖಂಡರು ಮಿಶನರಿಗಳನ್ನು ಕಂಡು, ಪರದೇಶದ ಗುರುಗಳು ಬರುವರೆಂದು ನಮ್ಮ ವಚನಗಳಲ್ಲೇ ಇದೆ, ನಮ್ಮ ಜನರೆಲ್ಲ ನಿಮ್ಮ ಕಡೆಗೆ ಬರುತ್ತಾರೆ ಎಂದು ಆಸೆ ಹುಟ್ಟಿಸಿದರು.

ಮಿಶನರಿಗಳಿಗೆ ಸ್ವರ್ಗ ಮೂರೇ ಗೇಣು! ಬರುವ ಸಾವಿರಾರು ಜನರಿಗೆ ನೆಲ ಬೇಡವೇ, ದುಡಿಮೆ ಬೇಡವೇ? ಹಾಗಾಗಿ 1841ರಲ್ಲಿ ಮಲ್ಲಸಮುದ್ರದಲ್ಲಿ ಒಕ್ಕಲುತನದ ಒಂದು ಕ್ರೈಸ್ತ ವಸಾಹತಿಗೆ ಕೈಹಾಕಿದರು. ಹೊಲ, ಮನೆ, ಪ್ರಾರ್ಥನೆ, ಶಾಲೆ ಎಲ್ಲ ಒಂದೇ ಕಡೆ. ಈ ಯೋಜನೆಗೆ ಹುರುಪಿನಿಂದ ಬೆಂಬಲ ಕೊಟ್ಟವರು ಹರ್ಮನ್ ಮೋಗ್ಲಿಂಗ್. ಸ್ಯಾನ್ ಆಂಟೋನಿಯೊದ ಮಿಶನ್‌ಗೂ ಮಲ್ಲಸಮುದ್ರದ ವಸಾಹತಿಗೂ ಇದ್ದ ಹೋಲಿಕೆ ಈಗ ನಿಮ್ಮ ಕಣ್ಣಿಗೆ ಬಿದ್ದಿರಬಹುದು. ಎರಡರ ಹಿಂದೆಯೂ ಇದ್ದ ವಿಚಾರ ಒಂದೇ. ಜನರನ್ನು ಅವರ ಊರಿನಿಂದ ಎಬ್ಬಿಸಿ ತಂದು, ನಾವು ಹಾಕಿದ ನಕ್ಷೆಯ ಪ್ರಕಾರ ಹೊಸ ಬದುಕು ಕಟ್ಟಿಕೊಡುತ್ತೇವೆ ಎಂಬುದು.

ಆದರೆ ಜನ ಬರಲಿಲ್ಲ. ಹೇಳಿದ ಸಾವಿರಾರು ಮಂದಿ ಮಾತಿನಲ್ಲೇ ಉಳಿದರು. ಮನೆ, ಬಂಧು ಬಳಗ, ದೈವ, ಹೊಲ ಬಿಟ್ಟು ಬರುವುದು ಅಷ್ಟು ಸುಲಭವೇ? ಇಲ್ಲಿ ಹಿಡಿದು ತರುವ ಸೈನಿಕರೂ ಇರಲಿಲ್ಲ. ಬೇಡವೆಂದವರು ಬೇಡವೆಂದೇ ಉಳಿದರು. ವಸಾಹತು ಬೆಳೆಯಲಿಲ್ಲ, ಅಂದುಕೊಂಡ ರೂಪದಲ್ಲಿ ಅದು ಎಂದೂ ನಿಲ್ಲಲಿಲ್ಲ. ಕರಿ ನೆಲದ ರೈತ ಬಿತ್ತುವ ಮುಂಚೆ ಹದ ನೋಡುತ್ತಾನೆ. ಮಲ್ಲಸಮುದ್ರದಲ್ಲಿ ಹದ ನೋಡದೆ ಬಿತ್ತಿದರು, ಬೀಜ ನಾಟಲಿಲ್ಲ.

ಬೇರು ಹಿಡಿದದ್ದು ಯಾವುದು?

ಹಾಗಾದರೆ ಎಲ್ಲವೂ ವ್ಯರ್ಥವಾಯಿತೇ? ಇಲ್ಲ. ತಾವು ಕಲಿಸಲು ಬಂದವರು ಎಂಬುದನ್ನು ಸ್ವಲ್ಪ ಬದಿಗಿಟ್ಟು ಇಲ್ಲಿಯವರಿಂದ ಕಲಿಯಲು ಕುಳಿತಾಗ ಅವರ ಕೆಲಸ ಬೇರು ಹಿಡಿಯಿತು.

ಮೊದಲನೆಯದು ಭಾಷೆ. ಆಗ ಧಾರವಾಡ ಸೀಮೆಯ ಕಚೇರಿ, ಶಾಲೆಗಳಲ್ಲಿ ಮರಾಠಿಯದೇ ಕಾರುಬಾರು. ಮಿಶನರಿಗಳು ಜನರ ಮಾತಾದ ಕನ್ನಡವನ್ನು ಹಿಡಿದರು, ಕನ್ನಡ ಶಾಲೆಗಳನ್ನು ತೆರೆದರು, ಹೆಣ್ಣುಮಕ್ಕಳಿಗೂ ಅಕ್ಷರ ಕಲಿಸಿದರು. ಮಂಗಳೂರಿನಲ್ಲಿ 1841ರಲ್ಲಿ ಅವರ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು. ಇದರ ಹಿಂದೆ ಸರಳ ವಿಜ್ಞಾನವಿದೆ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು ಕಲ್ಲನ್ನು ಒದ್ದೆ ಮಾಡುತ್ತಾರೆ. ನೀರು ಮತ್ತು ಜಿಡ್ಡು ಕೂಡುವುದಿಲ್ಲ. ಹೀಗಾಗಿ ಮೇಲೆ ಮಸಿ ಉರುಳಿಸಿದಾಗ ಅದು ಅಕ್ಷರಕ್ಕೆ ಮಾತ್ರ ಅಂಟುತ್ತದೆ, ಕಾಗದ ಒತ್ತಿದರೆ ಅಚ್ಚು ಬೀಳುತ್ತದೆ. ಒತ್ತಕ್ಷರ, ಗುಣಿತಗಳಿರುವ ನಮ್ಮ ಲಿಪಿಗೆ ಒಂದೊಂದಾಗಿ ಮೊಳೆ ಎರಕ ಹೊಯ್ಯುವುದಕ್ಕಿಂತ ಕೈಬರಹವನ್ನೇ ಅಚ್ಚು ಮಾಡುವ ಈ ದಾರಿ ಸುಲಭವಾಯಿತು. ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೀಗೆಯೇ ಕಲ್ಲಚ್ಚಿನಲ್ಲಿ ಮೂಡಿತು. ನೀವು ಈಗ ಕೈಯಲ್ಲಿ ಹಿಡಿದ ಪುರವಣಿಗೂ ಅದೇ ಮೂಲಪುರುಷ.

ಎರಡನೆಯದು ಶಬ್ದಕೋಶ. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಭಾರತಕ್ಕೆ ಬಂದು ಮೊದಲ ವರ್ಷಗಳನ್ನು ಧಾರವಾಡ, ಹುಬ್ಬಳ್ಳಿ ಸೀಮೆಯಲ್ಲಿ ಕಳೆದರು. 1894ರಲ್ಲಿ ಅಚ್ಚಾದ ಅವರ ಕನ್ನಡ–ಇಂಗ್ಲಿಷ್ ಕೋಶದಲ್ಲಿ ಸುಮಾರು 70 ಸಾವಿರ ಶಬ್ದಗಳಿವೆ. ಅದನ್ನು ತೆರೆದು ನೋಡಿದರೆ ಕೆಲವು ಶಬ್ದಗಳ ಮುಂದೆ 'ಎಸ್. ಎಂಎಚ್‌ಆರ್.' ಎಂಬ ಗುರುತು ಕಾಣುತ್ತದೆ. ದಕ್ಷಿಣ ಮರಾಠಾ ಸೀಮೆ ಎಂದರ್ಥ. ಅಂದರೆ ನಮ್ಮದೇ ಧಾರವಾಡ, ಗದಗ ಕಡೆಯ ಮಾತು! ಕುಂಟೆ, ಕೂರಿಗೆ, ಮಗ್ಗ, ಲಾಳಿಗಳ ನಡುವೆ ಬದುಕಿದವರ ನುಡಿಯನ್ನು ಗಾದೆ ಸಮೇತ ಕೂಡಿಟ್ಟ ಕಣಜ ಅದು. ಇಲ್ಲಿ ಬೋಧಿಸಲು ಬಂದವನೇ ಶಿಷ್ಯನಾದ.

ಮೂರನೆಯದು ಕಸುಬು ಮತ್ತು ವೈದ್ಯ. ಧರ್ಮ ಬಿಟ್ಟವನಿಗೆ ಊರಿನಲ್ಲಿ ಬಾವಿ, ಬಂಧು, ಕಸುಬು ಎಲ್ಲವೂ ದೂರವಾಗುತ್ತಿದ್ದವು. ಹಾಗೆ ಬಿಟ್ಟವನ ಆಸ್ತಿಯ ಹಕ್ಕು ಕಳೆಯಬಾರದೆಂದು 1850ರಲ್ಲಿ ಕಾನೂನು ಆಗಬೇಕಾಯಿತೆಂದರೆ ಪರಿಸ್ಥಿತಿ ಊಹಿಸಬಹುದು. ಅಂಥವರ ಹೊಟ್ಟೆಪಾಡಿಗೆಂದು ಮಂಗಳೂರಿನಲ್ಲಿ 1851ರಲ್ಲಿ ನೇಯ್ಗೆ ಶಾಲೆ, 1865ರಲ್ಲಿ ಹೆಂಚಿನ ಕಾರ್ಖಾನೆ ಹುಟ್ಟಿದವು. ಮಳೆ ಕಡಿಮೆಯ ಗದಗಿಗೆ ಚಪ್ಪಟೆ ಮಣ್ಣಿನ ಮಾಳಿಗೆಯೇ ಸಾಕಿತ್ತು. ಆದರೂ ಇಳಿಜಾರು ಮಾಡಿನ ಮಂಗಳೂರು ಹೆಂಚು ಕಾಲಕ್ರಮದಲ್ಲಿ ಇಲ್ಲಿಗೂ ಬಂತು. 20ನೆಯ ಶತಮಾನದ ಆರಂಭದಲ್ಲಿ ಬೆಟಗೇರಿಯಲ್ಲಿ ಮಿಶನ್ ದವಾಖಾನೆ ತಲೆಯೆತ್ತಿತು. ನಮ್ಮ ಅವ್ವ ನನ್ನ ತಮ್ಮನನ್ನು ಹೆತ್ತದ್ದು ಅಲ್ಲಿಯೇ. ಆಕೆ ಅಲ್ಲಿಂದ ತಂದದ್ದು ಮಗುವನ್ನು ಮತ್ತು ನೀರು ಕುದಿಸಿ ಕುಡಿಯಬೇಕೆಂಬ ಬುದ್ಧಿಯನ್ನು. ಧರ್ಮದ ಮಾತನ್ನು ಯಾರೂ ಎತ್ತಲಿಲ್ಲವೆಂದು ಹೇಳುತ್ತಿದ್ದಳು.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಜರ್ಮನ್ ಮಿಶನರಿಗಳು ಬ್ರಿಟಿಷರಿಗೆ ವೈರಿ ದೇಶದವರಾದರು. ಅವರನ್ನು ಶಿಬಿರಗಳಲ್ಲಿಟ್ಟು, ಬಳಿಕ ದೇಶದಿಂದ ಕಳಿಸಿದರು. ಕಾರ್ಖಾನೆಗಳು ಬೇರೆಯವರ ಕೈಗೆ ಹೋದವು. ನಮ್ಮ ಭಾಗದ ಬಾಸೆಲ್ ಸಭೆಗಳು ಮುಂದೆ, 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ ಕೂಡಿಕೊಂಡವು.

ತೂಗಿ ನೋಡೋಣ

ಮಿಶನರಿಗಳನ್ನು ಹೊಗಳಿ ಅಟ್ಟಕ್ಕೇರಿಸುವುದು ನನ್ನ ಉದ್ದೇಶವಲ್ಲ. ಅವರು ಬಂದದ್ದು ಮತಾಂತರಕ್ಕೆ. ತಮ್ಮದೇ ದಿಟ, ಉಳಿದದ್ದು ಸುಳ್ಳು ಎಂಬ ಭಾವನೆ ಅವರಲ್ಲಿತ್ತು. ಇಲ್ಲಿಯ ದೇವರು, ಆಚಾರಗಳನ್ನು ಹಳಿದು ಬರೆದರು. ಶರಣರು ನಡೆದಾಡಿದ ನಾಡು, ಶಿರಹಟ್ಟಿಯ ಫಕೀರೇಶ್ವರ ಮಠದಲ್ಲಿ ಹಿಂದೂ–ಮುಸಲ್ಮಾನರು ಒಂದಾಗಿ ನಡೆದುಕೊಳ್ಳುವ ನಾಡು, ಲಕ್ಷ್ಮೇಶ್ವರದಲ್ಲಿ ಸೋಮೇಶ್ವರನ ಗುಡಿಯೂ ಶಂಖ ಬಸದಿಯೂ ಇರುವ ನಾಡು, ಅಂಥ ಮಾತನ್ನು ಒಪ್ಪುವುದು ಹೇಗೆ? ಒಪ್ಪದಿದ್ದದ್ದೇ ಸರಿ. ಆದರೆ ನಮ್ಮೊಳಗೇ ಕೆಲವರಿಗೆ ಬಾವಿಯ ನೀರೂ ಸಿಗುತ್ತಿರಲಿಲ್ಲ, ಶಾಲೆಯ ಬಾಗಿಲೂ ತೆರೆದಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ತಕ್ಕಡಿಗೆ ಎರಡೂ ಪರಡಿ ಬೇಕು.

ಈ ಕಥೆಯನ್ನು ತರಗತಿಯಲ್ಲಿ ಹೇಳಿದ ದಿನ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ನಾನು ಬೆಟಗೇರಿ ಮಿಶನ್ ಎಂದ ಕೂಡಲೇ ಹಲವು ಮುಖಗಳು ಮೂರನೆಯ ಬೆಂಚಿನ ಒಬ್ಬ ಹುಡುಗನತ್ತ ತಿರುಗಿದವು. "ಹಂಗಾರ ಇವರು ಜರ್ಮನಿಯವರೇನ್ರಿ ಸರ್?" ಎಂದು ಯಾರೋ ಕೇಳಿದರು. ತರಗತಿ ನಕ್ಕಿತು. ಆ ಹುಡುಗ ತಲೆ ತಗ್ಗಿಸಿದ. ಅವನಿಗೂ ಉತ್ತರ ಗೊತ್ತಿರಲಿಲ್ಲ. "ನಿಮ್ಮ ಅಜ್ಜಿಯನ್ನು ಕೇಳಿಕೊಂಡು ಬಾ" ಎಂದೆ.

ಮೂರು ದಿನ ಬಿಟ್ಟು ಬಂದ. ನೋಟುಬುಕ್ಕಿನ ಒಂದು ಪುಟ ತುಂಬ ಬರೆದುಕೊಂಡಿದ್ದ. 1876–78ರಲ್ಲಿ ಧಾತು, ಈಶ್ವರ ಸಂವತ್ಸರಗಳ ಬರ ಬಿದ್ದಾಗ ನಮ್ಮ ಸೀಮೆಯಲ್ಲಿ ಊರಿಗೆ ಊರೇ ಹಸಿದು ಸತ್ತವು. ಧಾರವಾಡ ಸೀಮೆಯ ಮಿಶನ್ ಠಾಣೆಗಳು ಆಗ ಅನಾಥ ಮಕ್ಕಳಿಗೆ ಆಶ್ರಯ ಕೊಟ್ಟಿದ್ದವು. ಹುಡುಗ ನಿಂತು ಓದಿದ: "ನಮ್ಮ ಅಜ್ಜಿಯ ಮುತ್ಯಾ ಮುಂಡರಗಿ ಕಡೆಯ ನೇಕಾರರ ಹುಡುಗ. ಬರದಾಗ ಮನಿಯವರೆಲ್ಲ ಸತ್ತರು. ಇವನೊಬ್ಬನ ಉಳಿದ. ಮಿಶನ್‌ನವರು ಗಂಜಿ ಹಾಕಿ ಉಳಿಸಿಕೊಂಡ್ರು. ದೊಡ್ಡವನಾದ ಮ್ಯಾಲೆ ಮತ್ತ ಮಗ್ಗಕ್ಕ ಕುಂತ."

ಯಾರೂ ನಗಲಿಲ್ಲ. ಮೊದಲು ಪ್ರಶ್ನೆ ಕೇಳಿದವನೇ, "ನಮ್ಮ ಮುತ್ಯಾನೂ ನೇಯ್ತಿದ್ನಂತೋ" ಎಂದ. ಇಬ್ಬರೂ ಈ ಮಣ್ಣಿನ ಮಕ್ಕಳೇ ಎಂಬುದನ್ನು ನಾನು ಬಾಯಿಬಿಟ್ಟು ಹೇಳುವ ಅಗತ್ಯ ಬೀಳಲಿಲ್ಲ.

ವಿದ್ಯಾರ್ಥಿ ಮಿತ್ರರೇ, ಈ ರಜೆಯಲ್ಲಿ ಎರಡು ಕೆಲಸ ಮಾಡಿರಿ. ನಿಮ್ಮ ಊರಿನ ಒಂದು ಹಳೆಯ ಮಣ್ಣಿನ ಮನೆಯ ಗೋಡೆಯ ದಪ್ಪ ಅಳೆಯಿರಿ. ಮಧ್ಯಾಹ್ನ ಎರಡು ಗಂಟೆಗೆ ಅದರ ಒಳಗಿನ ಉಷ್ಣತೆ, ಸಿಮೆಂಟಿನ ಮನೆಯ ಒಳಗಿನ ಉಷ್ಣತೆ ಎರಡನ್ನೂ ಬರೆದುಕೊಳ್ಳಿರಿ. ಆಮೇಲೆ ಅಜ್ಜಿಯ ಬಾಯಿಂದ ಈಗ ನೀವು ಬಳಸದ 20 ಶಬ್ದಗಳನ್ನು ಬರೆದುಕೊಂಡು, ಗ್ರಂಥಾಲಯದಲ್ಲಿ ಕಿಟೆಲ್ ಕೋಶ ತೆಗೆದು ನೋಡಿರಿ. ಪಾಲಕರಲ್ಲಿ ಒಂದೇ ವಿನಂತಿ. ಮಾರ್ಕು ಬಾರದ ಕೆಲಸ ಎಂದು ಅವರನ್ನು ತಡೆಯಬೇಡಿರಿ. ಸಾಧ್ಯವಾದರೆ ನಿಮ್ಮ ಮುತ್ಯಾ ಎಲ್ಲಿಂದ ಬಂದರು ಎಂಬುದನ್ನು ನೀವೂ ಮಕ್ಕಳ ಜೊತೆ ಕುಳಿತು ಬರೆಯಿರಿ. ಕೇಳಿದರೆ ಹೇಳುವ ಅಜ್ಜಿಯರು ಇನ್ನೂ ಇದ್ದಾರೆ, ಎಷ್ಟು ದಿನ ಇರುತ್ತಾರೋ ಬಲ್ಲವರಾರು?